ವಿಧವೆಯ ಕಾಸೂ ಸದಾಶಿವರಾಯರ ಆಸ್ತಿಯೂ



ಬಡ ವಿಧವೆಯೊಬ್ಬಳು ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸುಗಳನ್ನು ಹಾಕಿದ ಸಂಗತಿಯು ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಕೊನೆಯಲ್ಲಿ ಇರುವದು. ಐಶ್ವರ್ಯವಂತರ ಹೊನ್ನಿಗಿಂತ ಆಕೆಯ ಕಾಸನ್ನೇ ಕರ್ತನು ದೊಡ್ಡದಾಗಿ ಎಣಿಸಿದನು. ಸುಗ್ಗಿಯ ಕಾಣಿಕೆಯ ಆದಿತ್ಯವಾರದಲ್ಲಿ ನಾವು ಈ ಪಾಠವನ್ನು ಓದುತ್ತೇವೆ, ಆಕೆಯನ್ನು ಹೊಗಳುತ್ತೇವೆ, ಮನೆಗೆ ಹೋಗಿ ಊಟಮಾಡುತ್ತೇವೆ. ಆದರೆ ಆ ಸಂಜೆ ಆಕೆಗೆ ಗಂಜಿ ಹಾಕಿದವರು ಯಾರು? ಸುವಾರ್ತಿಕನು ಅದನ್ನು ಬರೆಯಲಿಲ್ಲ. ನಾವೂ ಕೇಳುವದಿಲ್ಲ.

ಮಂಗಳೂರಿನ ಕಾರ್ನಾಡು ಸದಾಶಿವರಾಯರ ಜೀವನವನ್ನು ಯೋಚಿಸುವಾಗೆಲ್ಲಾ ಈ ಪ್ರಶ್ನೆಯು ನನ್ನನ್ನು ಬಾಧಿಸುತ್ತದೆ. ಅವರು 1881ರಲ್ಲಿ ಸಾರಸ್ವತ ಬ್ರಾಹ್ಮಣರ ಅನುಕೂಲವುಳ್ಳ ಮನೆತನದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಓದಿ, ಮಂಗಳೂರಿನಲ್ಲಿ ವಕೀಲರಾದವರು. ತಂದೆಯ ಆಸ್ತಿಯೂ ವಕೀಲಿಯೂ ಇದ್ದವರಿಗೆ ಸುಖವಾಗಿ ಬಾಳುವದು ಏನು ಕಷ್ಟ? ಆದರೆ 1911ರಲ್ಲಿ ಅವರೂ ಅವರ ಪತ್ನಿ ಶಾಂತಾಬಾಯಿಯವರೂ ಕೂಡಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ವಿಧವೆಯ ಮುಖವನ್ನು ಮುಂಜಾನೆ ಕಂಡರೆ ಅಪಶಕುನವೆಂದು ಜನರು ತಿರುಗಿಕೊಳ್ಳುತ್ತಿದ್ದ ಕಾಲವದು. ಅಂಥ ಸ್ತ್ರೀಯರಿಗೂ ಬಡ ಹೆಂಗಸರಿಗೂ ಅಕ್ಷರವನ್ನೂ ಕೈಕಸುಬನ್ನೂ ಕಲಿಸಿ, ತಮ್ಮ ಅನ್ನವನ್ನು ತಾವೇ ದುಡಿದು ಉಣ್ಣುವಂತೆ ಮಾಡುವದು ಆ ಸಭೆಯ ಕೆಲಸ. ಬೊಕ್ಕಸದ ಮುಂದೆ ನಿಂತ ಆ ವಿಧವೆಯು ಅವರ ಬಾಗಿಲಿಗೆ ಬಂದಿದ್ದರೆ, ಸಂಜೆಯ ಗಂಜಿಗೆ ಕೊರತೆಯಾಗುತ್ತಿರಲಿಲ್ಲ.

ಅವರು ನಮ್ಮ ಸಭೆಯವರಲ್ಲವಷ್ಟೆ, ಮೇಲಾಗಿ ರಾಜಕಾರಣದವರು. ಪ್ರಸಂಗಪೀಠದಲ್ಲಿ ಅವರ ಹೆಸರೇಕೆ ಎಂದು ಯಾರಾದರೂ ಅನ್ನಬಹುದು. ನೆರೆಯವನು ಯಾರೆಂದು ಕೇಳಿದ ಶಾಸ್ತ್ರಿಗೆ ಕರ್ತನು ತೋರಿಸಿದ್ದು ಯಾಜಕನನ್ನಲ್ಲ, ಸಮಾರ್ಯದವನನ್ನು. ಇದಕ್ಕಿಂತ ಹೆಚ್ಚಿನ ಉತ್ತರವನ್ನು ನಾನು ಹೇಳಲಾರೆನು.

ಅವರ ರಾಜಕಾರಣವಾದರೋ ಗಳಿಕೆಯದ್ದಲ್ಲ. 1919ರಲ್ಲಿ ಗಾಂಧೀಜಿಯವರ ಸತ್ಯಾಗ್ರಹದ ಪ್ರತಿಜ್ಞೆಗೆ ನಮ್ಮ ನಾಡಿನಿಂದ ಮೊದಲಾಗಿ ಸೇರಿದವರು ಇವರೆಂದು ಹೇಳುವರು. ವಕೀಲಿಯನ್ನು ಬಿಟ್ಟರು, ತಿಲಕ ವಿದ್ಯಾಲಯವೆಂಬ ರಾಷ್ಟ್ರೀಯ ಶಾಲೆಯನ್ನು ನಡಿಸಿದರು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದರು. ಅಸ್ಪೃಶ್ಯರೆನಿಸಿಕೊಂಡವರ ಸಂಗಡ ಪಂಕ್ತಿಯಲ್ಲಿ ಕೂತು ಉಣ್ಣುವದನ್ನೂ ಅವರಿಗೆ ದೇವಾಲಯದ ಬಾಗಿಲು ತೆರೆಯುವದನ್ನೂ ಬಯಸಿ ದುಡಿದರು. ನಮ್ಮ ಅಜ್ಜಂದಿರಲ್ಲಿ ಅನೇಕರು ಯಾವ ಬಾಗಿಲುಗಳ ಹೊರಗೆ ನಿಂತಿದ್ದರೆಂಬದನ್ನು ನಾವು ಮರೆಯಬಾರದು.

ಇದಕ್ಕೆಲ್ಲಾ ಹಣ ಎಲ್ಲಿಂದ? ಕೈಯಿಂದಲೇ. ಆಸ್ತಿಯೆಲ್ಲಾ ಕರಗಿತು, ಸಾಲವು ಉಳಿಯಿತು. ಗದ್ದೆಯನ್ನು ಅಡವಿಟ್ಟವರಿಗೆ ಈ ಮಾತಿನ ಭಾರವನ್ನು ನಾನು ವಿವರಿಸಬೇಕಾಗಿಲ್ಲ. ಕೊಟ್ಟವನ ಕೈ ಬರಿದಾದ ಮೇಲೆ ಪಡೆದವರ ಕಾಲುಗಳು ಆ ಮನೆಯ ದಾರಿಯನ್ನು ಮರೆಯುವದು ಲೋಕದಲ್ಲಿ ಹೊಸದಲ್ಲ.

1936ನೆಯ ಡಿಸೆಂಬರಿನಲ್ಲಿ ಖಾನದೇಶದ ಫೈಜಪುರದಲ್ಲಿ ಕಾಂಗ್ರೆಸ್ ಮಹಾಸಭೆಯು ಕೂಡಿತು. ಹಳ್ಳಿಯಲ್ಲಿ ಕೂಡಿದ ಮೊದಲನೆಯ ಅಧಿವೇಶನವದು. ಸದಾಶಿವರಾಯರು ಅಲ್ಲಿಗೆ ಹೋಗಿ ಕಾಯಿಲೆ ಬಿದ್ದು, 1937ನೆಯ ಜನವರಿ 9ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ಅರುವತ್ತೂ ಆಗಿರಲಿಲ್ಲ.

ಈಗ ಮಂಗಳೂರಿನಲ್ಲಿ ಕೆ. ಎಸ್. ರಾವ್ ರಸ್ತೆ ಇದೆ. ನಿಮ್ಮಲ್ಲಿ ಅನೇಕರು ಮದುವೆಯ ಬಟ್ಟೆಗೆ ಅಲ್ಲಿಗೆ ಹೋಗಿರುವಿರಿ. ಆ ಅಕ್ಷರಗಳು ಯಾರವೆಂದು ಕೇಳಿದವರು ಎಷ್ಟು ಮಂದಿ? ಬೆಂಗಳೂರಿನ ಸದಾಶಿವನಗರಕ್ಕೂ ಅವರದೇ ಹೆಸರು. ಆಸ್ತಿಯನ್ನೆಲ್ಲಾ ಕೊಟ್ಟು ಬರಿದಾದವನ ಹೆಸರಿನ ಬಡಾವಣೆಯಲ್ಲಿ ಇಂದು ಐಶ್ವರ್ಯವಂತರ ಬಂಗಲೆಗಳು ನಿಂತಿರುವದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ರಸ್ತೆಗೆ ಹೆಸರಿಡುವದು ಸತ್ತ ಮೇಲಿನ ಕೆಲಸ. ನಮ್ಮ ಗ್ರಾಮಗಳಲ್ಲಿಯೂ, ಮಧ್ಯರಾತ್ರಿಯಲ್ಲಿ ಎಬ್ಬಿಸಿದರೂ ಎದ್ದು ಆಸ್ಪತ್ರೆಗೆ ಕೂಡ ಬರುವ, ಕಚೇರಿಯ ಅರ್ಜಿಯನ್ನು ಕಾಸಿಲ್ಲದೆ ಬರೆದುಕೊಡುವ ಪಂಚಾಯತಿ ಸದಸ್ಯನೊಬ್ಬನು ಇರುವದುಂಟು. ಅವನಿಗೆ ಸಾಲವಾಯಿತೆಂದು ಕೇಳಿದೊಡನೆ, ರಾಜಕೀಯದವನಲ್ಲವೇ, ಎಲ್ಲೋ ಮುಚ್ಚಿಟ್ಟಿರಬೇಕು ಎಂದು ನಾವು ಅಂದುಬಿಡುತ್ತೇವೆ. ಸಭೆಯ ಹಿರಿಯರೇ, ಅವನು ನಮ್ಮ ಮತದವನಾಗಲಿ ಅಲ್ಲದಿರಲಿ, ಮಳೆಗಾಲಕ್ಕೆ ಮುಂಚೆ ನಿಮ್ಮಲ್ಲಿ ಇಬ್ಬರು ಅವನ ಅಂಗಳಕ್ಕೆ ಹೋಗಿ ಅಡವಿನ ಮೊತ್ತವೆಷ್ಟೆಂದು ವಿಚಾರಿಸಿರಿ.