ಹುಟ್ಟದ ಕೂಸಿಗಾಗಿ ಬಿಟ್ಟ ಕೆಲಸ

ಹೋದ ಬೇಸಿಗೆಯಲ್ಲಿ ಒಬ್ಬ ತಂದೆಯು ನಮ್ಮ ಬಳಿಗೆ ಬಂದು, ಹತ್ತನೆಯ ತರಗತಿಯನ್ನು ಮುಗಿಸಿದ ತನ್ನ ಮಗಳಿಗೆ ಮುಂದೆ ಯಾವ ವಿದ್ಯೆಯನ್ನು ಕಲಿಸಬೇಕೆಂದು ವಿಚಾರಿಸಿದನು. ಅವಳು ಲೆಕ್ಕದಲ್ಲಿ ಬಹು ಚುರುಕಾದವಳು. ಆದರೂ ನಾವು, “ನಾಳೆ ಮದುವೆ, ಮಕ್ಕಳು ಆಗುವದು, ನಡುವೆ ಬಿಟ್ಟು ಮತ್ತೆ ಹಿಡಿಯಲಿಕ್ಕಾಗುವ ಹೊಲಿಗೆಯೇ ಸಾಕು” ಎಂದೆವು. ಅವನು ಸಮಾಧಾನದಿಂದ ಹೋದನು. ನಮಗೆ ಮಾತ್ರ ಸಮಾಧಾನವಿಲ್ಲ. ಇನ್ನೂ ಹುಟ್ಟದ ಕೂಸಿನ ಹೆಸರಿನಲ್ಲಿ ಹದಿನಾರು ವರುಷದ ಹುಡುಗಿಯ ಕೈಯಿಂದ ಒಂದು ಕಸುಬನ್ನು ತೆಗೆದುಬಿಡುವದು ನ್ಯಾಯವೋ?

ಇದನ್ನು ಅಂಕಿಗಳಿಂದ ಶೋಧಿಸಿದವರು ಉಂಟು. ಜರ್ಮನಿ ದೇಶದಲ್ಲಿ ಅನೇಕ ಹುಡುಗಿಯರು ಶಾಲೆ ಬಿಟ್ಟ ಕೂಡಲೇ ಒಂದು ಕಸುಬನ್ನು ಆರಿಸಿಕೊಂಡು, ಎರಡು ಮೂರು ವರುಷ ಕೆಲಸ ಮಾಡುತ್ತಾ ಕಲಿಯುವ ಪದ್ಧತಿಯಿದೆ. ಅದ್ದಾ, ದುಸ್ತ್‌ಮಾನ್, ಸ್ಟೀವನ್ಸ್ ಎಂಬ ಮೂವರು ಅಂಥ ಸ್ತ್ರೀಯರ ಕಸುಬು, ಸಂಬಳ, ಹೆರಿಗೆಯ ಕಾಲ ಇವುಗಳನ್ನು ಕೂಡಿಸಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಕೆಲಸಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು: ದಿನವೂ ಒಂದೇ ಕ್ರಮದಲ್ಲಿ ನಡೆಯುವಂಥದು, ಕೈಶ್ರಮದ್ದು, ವಿಚಾರವೂ ಯೋಜನೆಯೂ ಬೇಕಾದದ್ದು. ಕೊನೆಯದರಲ್ಲಿ ಸಂಬಳವು ಹೆಚ್ಚು ಏರುವದು. ಆದರೆ ಕೆಲವು ವರುಷ ಬಿಟ್ಟು ನಿಂತರೆ ಕಲಿತದ್ದು ಬೇಗನೆ ತುಕ್ಕು ಹಿಡಿಯುವದೂ ಅದರಲ್ಲಿಯೇ. ಹೀಗಿರುವದರಿಂದ ಮಕ್ಕಳನ್ನು ಬಯಸುವ ಹುಡುಗಿಯು, ತಾಯಿಯಾಗುವದಕ್ಕೆ ಎಷ್ಟೋ ವರುಷ ಮುಂಚೆ, ಬಿಟ್ಟು ಹಿಡಿಯಲು ಸುಲಭವಾದ ಕೆಲಸದ ಕಡೆಗೆ ವಾಲುತ್ತಾಳೆ. ಮಕ್ಕಳ ನಿಮಿತ್ತವಾಗಿ ಒಬ್ಬಳ ಆಯುಷ್ಯದ ಗಳಿಕೆಯಲ್ಲಿ ನೂರಕ್ಕೆ ಸುಮಾರು 35 ಪಾಲು ಕಡಿಮೆಯಾಗುತ್ತದೆಂದು ಅವರು ಎಣಿಸಿದರು. ಅದರಲ್ಲಿ ಹೆಚ್ಚಿನದು ಕೆಲಸ ಬಿಟ್ಟ ಅಥವಾ ಕಡಿಮೆ ಮಾಡಿದ ಕಾಲದ್ದು; ಉಳಿದದ್ದು ಇಳಿದ ಕೂಲಿಯದು, ಅದರೊಳಗೆ ಹದಿನಾರರಲ್ಲಿ ಮಾಡಿದ ಆ ಆಯ್ಕೆಯೂ ಸೇರಿದೆ.

ಈ ಕೊನೆಯ ಪಾಲು ಹೆರಿಗೆಯ ಹಿಂದೆ ಮುಂದೆ ಸಂಬಳವನ್ನು ನೋಡುವವನ ಕಣ್ಣಿಗೆ ಬೀಳುವದೇ ಇಲ್ಲ. ಯಾಕಂದರೆ ಹಿಡಿಯದೆ ಹೋದ ಕಸುಬಿಗೆ ಯಾವ ಪಟ್ಟಿಯಲ್ಲಿಯೂ ಅಂಕಣವಿಲ್ಲ. ನಮ್ಮ ಮಾತಿನಿಂದ ಆ ಹುಡುಗಿಯು ಕಳಕೊಂಡದ್ದೂ ಎಲ್ಲಿಯೂ ಬರೆಯಲ್ಪಡದು.

ಒಬ್ಬರು ಹೇಳಬಹುದು: ಅವಳೇ ಮನಸ್ಸಿನಿಂದ ಆರಿಸಿಕೊಂಡರೆ ಅದನ್ನು ನಷ್ಟವೆನ್ನುವದು ಹೇಗೆ? ತಾಯ್ತನದ ಸಂತೋಷವು ಸಂಬಳದ ಪುಸ್ತಕದಲ್ಲಿ ಸೇರುವದಿಲ್ಲವಲ್ಲಾ? ಈ ಆಕ್ಷೇಪವನ್ನು ನಾವು ಹಗುರಾಗಿ ತಳ್ಳಲಾರೆವು. ಮಗುವನ್ನು ಖರ್ಚೆಂದು ಬರೆಯುವ ಲೆಕ್ಕವು ನಮಗೂ ಸೇರದು. ಆದರೆ ತಂದೆಯ ಕಡೆಯನ್ನೂ ನೋಡಿರಿ. ಡೆನ್ಮಾರ್ಕ್ ದೇಶದ 1980ರಿಂದ 2013ರ ವರೆಗಿನ ದಾಖಲೆಗಳನ್ನು ಕ್ಲೆವೆನ್, ಲಾಂದೆ, ಸೋಗೋರ್ ಎಂಬವರು ಪರೀಕ್ಷಿಸಿ 2019ರಲ್ಲಿ ತೋರಿಸಿದ್ದೇನಂದರೆ, ಮೊದಲನೆಯ ಮಗುವಿನ ತನಕ ಗಂಡಸಿನ ಮತ್ತು ಹೆಂಗಸಿನ ಗಳಿಕೆಯು ಜೊತೆಜೊತೆಯಾಗಿ ನಡೆಯುತ್ತದೆ. ಆಮೇಲೆ ತಾಯಿಯದು ಕುಸಿದು, ಬಹುಕಾಲದ ವರೆಗೂ ತಂದೆಯದಕ್ಕಿಂತ ನೂರಕ್ಕೆ ಸುಮಾರು 20 ಹಿಂದೆ ಉಳಿಯುತ್ತದೆ. ತಂದೆಯ ಗಳಿಕೆಯು ಅಲುಗುವದಿಲ್ಲ. ಸಂತೋಷವು ಇಬ್ಬರದಾಗಿದ್ದು ತೆರಿಗೆಯು ಒಬ್ಬಳದಾದರೆ, “ಮನಸ್ಸಿನಿಂದ” ಎಂಬ ಮಾತನ್ನು ಸ್ವಲ್ಪ ತಡೆದು ಕೇಳಬೇಕು. ಗಂಡುಮಗನಿಗೆ ಕಸುಬು ಹೇಳುವಾಗ ಅವನ ಮಕ್ಕಳ ವಿಷಯವನ್ನು ನಾವು ಒಂದು ದಿನವಾದರೂ ಎತ್ತಿದ್ದಿಲ್ಲ.

ಹೆರಿಗೆಗೆ ಹಣ ಕೊಟ್ಟರೆ ಸರಿಹೋಗುವದೆಂಬವರೂ ಉಂಟು. ಮೇಲೆ ಹೇಳಿದ ಮೂವರ ಎಣಿಕೆಯ ಪ್ರಕಾರ ಅಂಥ ಉಪಾಯದ ಫಲವು ಮೊದಲಲ್ಲಿ ದೊಡ್ಡದಾಗಿ ಕಂಡರೂ ದೀರ್ಘಕಾಲದಲ್ಲಿ ಬಹಳ ಚಿಕ್ಕದಾಗುತ್ತದೆ.

ಮೊನ್ನೆ ಆ ಮನೆಗೆ ಹೋಗಿ, ನಮ್ಮ ಬುದ್ಧಿಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಹೇಳಿದೆವು. ತಂದೆಯು ನಕ್ಕು, “ಅಯ್ಯನವರೇ, ಹೊಲಿಗೆಯ ಯಂತ್ರಕ್ಕೆ ಮುಂಗಡ ಕೊಟ್ಟಾಯಿತಲ್ಲಾ” ಎಂದನು. ಹುಡುಗಿಯು ಬಾಗಲ ಹತ್ತಿರ ನಿಂತಿದ್ದಳು. ಅವಳ ಇಷ್ಟವೇನೆಂದು ನಾವು ಆಗಲೇ ಮೊದಲು ಕೇಳಿದ್ದು. ಅವಳು ಒಳಗೆ ಹೋಗಿ, ಕಾಲೇಜಿನಲ್ಲಿ ವಾಣಿಜ್ಯ ಓದುವದಕ್ಕೆ ಬೇಕಾದ ಅರ್ಜಿಯನ್ನು ತಂದು ತಂದೆಯ ಮುಂದೆ ಇಟ್ಟಳು. ಅದನ್ನು ಅವಳು ಯಾವಾಗಲೋ ತುಂಬಿಸಿ ಇಟ್ಟುಕೊಂಡಿದ್ದಳು. ಅವನು ಇನ್ನೂ ರುಜು ಹಾಕಲಿಲ್ಲ.