ಹಿಂದಿರುಗಿಸುವುದು ದಾನವೆ?

ಪರಧನವನ್ನು ಮುಟ್ಟಬಾರದೆಂಬುದು ಶರಣಧರ್ಮದ ಮೊದಲ ಮೆಟ್ಟಿಲು. ಆದರೆ ಹಿಂದಿನವರು ಕಸಿದುಕೊಂಡುದು ಪಿತ್ರಾರ್ಜಿತವೆಂಬ ಹೆಸರಿನಿಂದ ನಮ್ಮ ಕೈಗೆ ಬಂದಿದ್ದರೆ, ಅದು ಯಾರ ಧನ? ಅದನ್ನು ಮರಳಿಸುವುದು ದಾನವೆ, ಋಣವಿಮೋಚನೆಯೆ? ಈ ಪ್ರಶ್ನೆಯನ್ನು ದೂರದೇಶದ ಒಂದು ನಿದರ್ಶನದಿಂದ ವಿಚಾರಿಸೋಣ.

ಕೆನಡಾ ದೇಶದ ಪಶ್ಚಿಮದಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ನ್ಯಾಸ್ ಎಂಬ ನದಿಯಿದೆ. ಅದರ ಕಣಿವೆಯಲ್ಲಿ ನಿಸ್ಗಾ ಎಂಬ ಮೂಲನಿವಾಸಿಗಳು ಮೀನು ಹಿಡಿದು ತಲೆತಲಾಂತರದಿಂದ ಬಾಳಿದವರು. ಬಿಳಿಯರ ಆಡಳಿತವು ಅವರೊಡನೆ ಒಪ್ಪಂದವನ್ನಾಗಲಿ ಕ್ರಯವನ್ನಾಗಲಿ ಮಾಡದೆ ಆ ನೆಲವನ್ನು ತನ್ನದೆಂದು ಸಾರಿತು. 1887ರಲ್ಲಿ ಅವರ ಮುಖಂಡರು ಪ್ರಾಂತದ ರಾಜಧಾನಿಯಾದ ವಿಕ್ಟೋರಿಯಾಕ್ಕೆ ಹೋಗಿ ನ್ಯಾಯ ಬೇಡಿದರು. 1913ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಮನವಿ ಕಳುಹಿಸಿದರು. ಸರಕಾರದ ಅಪ್ಪಣೆಯಿಲ್ಲದೆ ಇಂಥ ಹಕ್ಕುಗಳಿಗಾಗಿ ಹಣ ಕೂಡಿಸುವುದನ್ನೇ 1927ರಿಂದ 1951ರವರೆಗೆ ಕಾನೂನು ನಿಷೇಧಿಸಿತ್ತು. 1973ರ ಕಾಲ್ಡರ್ ಮೊಕದ್ದಮೆಯಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಆದರೂ ಮೂಲನಿವಾಸಿಗಳಿಗೆ ಭೂಮಿಯ ಮೇಲೆ ಹಕ್ಕಿತ್ತೆಂಬುದನ್ನು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರಲ್ಲಿ ಆರು ಮಂದಿ ಒಪ್ಪಿದರು. ಕಡೆಗೆ 2000ದ ಮೇ 11ರಂದು ಒಪ್ಪಂದವು ಜಾರಿಗೆ ಬಂದು, ಸುಮಾರು 2,000 ಚದರ ಕಿಲೋಮೀಟರು ನೆಲವೂ ಸ್ವಯಮಾಡಳಿತವೂ ಅವರದಾದುವು. ಅವರು ತಮ್ಮದೆಂದು ಹೇಳಿದ ನೆಲದ ಹತ್ತನೆಯ ಒಂದು ಪಾಲಿಗಿಂತಲೂ ಇದು ಕಡಿಮೆ. ದೇಶದ ಸಂವಿಧಾನದ ಮೇರೆಯೊಳಗೇ ಅವರು ತಮ್ಮ ನೆಲಕ್ಕೂ ನುಡಿಗೂ ನಡಾವಳಿಗೂ ತಾವೇ ಕಟ್ಟಳೆ ಮಾಡಿಕೊಳ್ಳುತ್ತಾರೆ.

“ಭೂಮಿಯೆಲ್ಲ ಶಿವನದಾದ ಮೇಲೆ ನನ್ನದು ನಿನ್ನದೆಂಬ ವ್ಯಾಜ್ಯವೇಕೆ?” ಎಂದು ಕೆಲವರು ಕೇಳಬಹುದು. ಮಾತು ದಿಟವೇ. ಆದರೆ ಆ ಮಾತನ್ನು ಮೊದಲು ಆಡಬೇಕಾದವನು ನೆಲವನ್ನು ಹಿಡಿದಿಟ್ಟುಕೊಂಡವನು. ಕಳೆದುಕೊಂಡವನಿಗೆ ವೈರಾಗ್ಯವನ್ನು ಬೋಧಿಸಿ ತಾನು ಪತ್ರವನ್ನು ಬಿಗಿಹಿಡಿದರೆ ಅದು ಅನುಭಾವವೆನಿಸದು, ವಂಚನೆಯೆನಿಸುವುದು. ತನ್ನದನ್ನೇ ನೀಡುವ ದಾಸೋಹಿಯೂ ‘ನಾನು ನೀಡಿದೆ’ ಎನ್ನಲಾಗದೆಂದ ಮೇಲೆ, ಪರರದನ್ನು ಮರಳಿಸುವವನಿಗೆ ಹೆಮ್ಮೆ ಎಲ್ಲಿಯದು?

ನೆಲವನ್ನು ಮರಳಿಸಿ ಆಳುವ ಬುದ್ಧಿಯನ್ನು ಮಾತ್ರ ನಾವೇ ಹೇಳುತ್ತೇವೆಂದರೂ ಋಣ ತೀರದು. ಕಾಯಕವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾಗದು. ತಮ್ಮ ಊರನ್ನು ತಾವೇ ನಡೆಸಿಕೊಳ್ಳುವುದೂ ಒಂದು ಕಾಯಕವೇ. ಅದರಲ್ಲಿ ತಪ್ಪುವ ಅಧಿಕಾರವೂ ಅವರಿಗುಂಟು.

ಸದ್ಭಕ್ತರಾದ ಗೃಹಸ್ಥರು ಈ ಅಳತೆಗೋಲನ್ನು ತಮ್ಮ ಮನೆಯಲ್ಲಿಯೂ ಹಿಡಿದು ನೋಡಬೇಕು. ತಮ್ಮನ ಪಾಲು, ವಿಧವೆಯಾದ ಸೋದರಿಯ ಹೊಲ, ಬದುವನ್ನು ಒತ್ತಿ ಉತ್ತ ನೆರೆಯವನ ನೆಲ, ಇವುಗಳನ್ನು ಮರಳಿಸುವಾಗ ಉಪಕಾರ ಮಾಡಿದೆನೆಂಬ ಭಾವ ಬೇಡ. ಇಷ್ಟು ತಡವಾಯಿತಲ್ಲಾ ಎಂಬ ನಾಚಿಕೆಯಿರಲಿ. ಇಷ್ಟಲಿಂಗವನ್ನು ಹಿಡಿಯುವ ಕೈಯಲ್ಲಿ ಪರರ ನೆಲವು ಉಳಿಯಬಾರದು.