ದೇಹದ ಕಾಳಜಿ ದೇಹಮೋಹವೇ?

ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಕೇಳುತ್ತ ಬೆಳೆದ ಶ್ರಾವಕನು ಮುಂಜಾನೆಯ ಅರ್ಧ ಗಂಟೆಯನ್ನು ನಡಿಗೆಗೆ ಮೀಸಲಿಡುವಾಗ ಸಂದೇಹಕ್ಕೊಳಗಾಗುವುದುಂಟು. ಆ ಸಮಯ ಸ್ವಾಧ್ಯಾಯಕ್ಕೆ ಸಲ್ಲಬೇಕಿತ್ತಲ್ಲವೇ? ನಶ್ವರವಾದ ಶರೀರದ ಪೋಷಣೆ ಮೋಹವಲ್ಲವೇ?

ಸಂದೇಹದಲ್ಲಿ ಸತ್ವವಿದೆ. ಆದರೆ ಸ್ವಾಧ್ಯಾಯಕ್ಕೆ ಬೇಕಾದ ಸ್ಮರಣಶಕ್ತಿಯೂ ಪ್ರಸನ್ನಚಿತ್ತವೂ ಗೃಹಸ್ಥನ ಮಟ್ಟಿಗೆ ಆ ಶರೀರವನ್ನೇ ಆಶ್ರಯಿಸಿವೆ. ಹೊಸ ನೆನಪುಗಳು ರೂಪುಗೊಳ್ಳಲು ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗವು ವಯಸ್ಸಾದಂತೆ ಕುಗ್ಗುತ್ತದೆ. ಅಮೆರಿಕದಲ್ಲಿ 120 ವೃದ್ಧರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದಂತೆ ಒಂದು ವರ್ಷ ಚುರುಕಾಗಿ ನಡೆದವರಲ್ಲಿ ಅದು ಶೇಕಡಾ 2ರಷ್ಟು ಹಿಗ್ಗಿತು. ಅಂಗಾಂಗಗಳನ್ನು ಚಾಚುವ ಲಘು ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಕುಗ್ಗಿತು. ಖಿನ್ನತೆಯಿಂದ ಬಳಲುತ್ತಿದ್ದ, 50 ವರ್ಷ ಮೀರಿದ 156 ಮಂದಿಯ ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ವಾರಗಳ ವ್ಯಾಯಾಮವು ಔಷಧಕ್ಕೆ ಹೆಚ್ಚುಕಡಿಮೆ ಸಮನಾದ ಫಲವನ್ನು ಕೊಟ್ಟಿತು. ಔಷಧದ ಗುಣ ಮಾತ್ರ ಬೇಗ ತೋರಿತು. (ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅವಿವೇಕ.)

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯವಾದೀತು. ಮರೆವಿನ ಚಿಂತೆಯಿದ್ದ, 65ರಿಂದ 84 ವರ್ಷದೊಳಗಿನ 585 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆರು ತಿಂಗಳ ವ್ಯಾಯಾಮವಾಗಲಿ ಧ್ಯಾನಾಭ್ಯಾಸವಾಗಲಿ ಸ್ಮರಣಶಕ್ತಿಯನ್ನು ವಿಶೇಷವಾಗಿ ಹೆಚ್ಚಿಸಲಿಲ್ಲ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನಡಿಗೆಯು ನಿಮಿತ್ತ; ಫಲವು ಅದೊಂದರ ಅಧೀನವಲ್ಲ.

ಧರ್ಮಪ್ರಶ್ನೆ ತೀಕ್ಷ್ಣವಾಗುವುದು ಇಲ್ಲಿಯೇ. ಮೊಮ್ಮಗನ ಹೆಸರನ್ನೇ ಮರೆತ ಅಜ್ಜನ ಎದುರಿಗೆ, “ಅಂದೇ ನಾಲ್ಕು ಹೆಜ್ಜೆ ನಡೆದಿದ್ದರೆ ಹೀಗಾಗುತ್ತಿತ್ತೇ?” ಎನ್ನುವ ಮಗನು ಆರೋಗ್ಯಶಾಸ್ತ್ರವನ್ನು ಹೇಳುತ್ತಿಲ್ಲ, ಮಾತಿನಿಂದ ಹಿಂಸಿಸುತ್ತಿದ್ದಾನೆ. ರೋಗಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನೆತ್ತಿಕೊಂಡು ರೋಗಿಯನ್ನು ಅಪರಾಧಿಯನ್ನಾಗಿಸುವುದು ಏಕಾಂತದೃಷ್ಟಿ.

ಇನ್ನು ಅದೇ ಮನೆಯ ಸೊಸೆ. ನಸುಕಿನಲ್ಲೆದ್ದು, ಸೂರ್ಯಾಸ್ತಕ್ಕೆ ಮುನ್ನ ಎಲ್ಲರ ಊಟ ಮುಗಿಯುವಂತೆ ದಿನವಿಡೀ ಓಡಾಡುವವಳು. ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವವರು ಮೈಗೆ ಸಲ್ಲುವ ಉತ್ತರವನ್ನು ಕೊಡುತ್ತಾರೆ, ಮನಸ್ಸಿಗಲ್ಲ. ಯಾರೂ ಕರೆಯದ ಅರ್ಧ ಗಂಟೆ ಅವಳಿಗೆ ದೊರೆಯಬೇಕಾದರೆ ಮನೆಯ ಇನ್ನೊಬ್ಬರು ಒಲೆಯ ಮುಂದೆ ನಿಲ್ಲಬೇಕಾಗುತ್ತದೆ.

ಮುನಿಗಳು ವಾಹನವೇರದೆ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಸಾಗುವುದು ಜೀವದಯೆಗಾಗಿ, ಆರೋಗ್ಯಕ್ಕಾಗಿಯಲ್ಲ. ಗೃಹಸ್ಥನ ಉದ್ದೇಶ ಬೇರೆಯಾದರೂ ಆ ಎಚ್ಚರ ಅವನಿಗೂ ಸಲ್ಲುತ್ತದೆ. ಹುಲ್ಲಿನ ಹಾದಿಗಿಂತ ಬರಿನೆಲವೇ ಲೇಸು. ಮಳೆಗಾಲದಲ್ಲಿ ಹುಳುಹುಪ್ಪಟೆ ಹೆಚ್ಚಿ ಬೀದಿಯೂ ಜಾರುವಾಗ, ಬಸದಿಯ ಟ್ರಸ್ಟಿನವರು ಪೂಜೆಯಿಲ್ಲದ ವೇಳೆಯಲ್ಲಿ ಸಭಾಭವನದ ಬಾಗಿಲನ್ನು ತೆರೆದಿಟ್ಟರೆ ಊರಿನ ಹಿರಿಯರು ಅಲ್ಲಿಯೇ ನಡೆದಾರು.